ಕೈ ಖಾಲಿಯಾದ ಕಾಲದಲ್ಲಿ ಕಾಣಿಕೆ

(ಭಾನುವಾರದ ಎರಡನೇ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ. ವಾಕ್ಯಭಾಗ: 2 ಕೊರಿಂಥ 8:1-15)

  ಹಿಂದೆ ನಿಂತಿರೋ ತಮ್ಮಂದಿರು ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಎರಡು ಸಾಲು ಖಾಲಿ ಇದೆ. 

ವಾಕ್ಯವನ್ನು ಈಗಷ್ಟೇ ಸಿಸ್ಟರ್ ಓದಿದರು. ಬೈಬಲ್ ಮುಚ್ಚಬೇಡಿ, ಬೆರಳು ಅಲ್ಲೇ ಇರಲಿ. ಮೊಬೈಲಿನಲ್ಲಿ ಓದೋರು ಅದೇ ಆಪ್‌ನಲ್ಲಿ ಇರಿ, ಪಕ್ಕದ ಆಪ್‌ಗೆ ಹೋಗಬೇಡಿ. ನನಗೆ ಇಲ್ಲಿಂದ ಎಲ್ಲಾ ಕಾಣುತ್ತೆ!

ಇವತ್ತಿನ ವಿಷಯ ಹಣ. ಪಾಸ್ಟರ್ ಹಣದ ಬಗ್ಗೆ ಮಾತಾಡ್ತಾರೆ ಅಂದ ತಕ್ಷಣ ಕೆಲವರ ಮುಖ ಬದಲಾಗುತ್ತೆ. ನಾನು ನಿಮ್ಮ ಸಾಲಲ್ಲಿ ಕೂತಿದ್ದ ಕಾಲದಲ್ಲಿ ನನ್ನ ಮುಖಾನೂ ಬದಲಾಗ್ತಿತ್ತು. ಅದಕ್ಕೇ ಮೊದಲು ನನ್ನದೇ ಒಂದು ತಪ್ಪು ಹೇಳಿ ಆಮೇಲೆ ವಾಕ್ಯಕ್ಕೆ ಬರ್ತೀನಿ.

ಗುರುವಾರ ರಾತ್ರಿ ಹನ್ನೊಂದೂವರೆ. ನಮ್ಮ ಸಂಜೆ ತರಗತಿಯ ಲೆಕ್ಕ ಮುಂದಿಟ್ಟುಕೊಂಡು ಕೂತಿದ್ದೆ. ಹೊಸಬರಿಗಾಗಿ ಹೇಳ್ತೀನಿ. ಸಭೆಯ ಹಿಂದಿನ ರಸ್ತೆಯಲ್ಲಿ ಕಟ್ಟಡ ಕೆಲಸದವರ ಶೆಡ್‌ಗಳಿವೆ. ಯಾದಗಿರಿ, ರಾಯಚೂರು ಕಡೆಯಿಂದ ಬಂದ ಕುಟುಂಬಗಳು. ಅವರ 38 ಮಕ್ಕಳಿಗೆ ಸಂಜೆ ಐದರಿಂದ ಏಳರವರೆಗೆ ನಾವು ಪಾಠ ಹೇಳಿಕೊಡ್ತೀವಿ, ಹಾಲು, ಮೊಟ್ಟೆ, ಕಡಲೆಮಿಠಾಯಿ ಕೊಡ್ತೀವಿ. ಇಬ್ಬರು ಟೀಚರ್‌ಗಳ ಸಂಬಳ 22,000. ರೂಮಿನ ಬಾಡಿಗೆ 12,000. ತಿಂಡಿಗೆ 9,000. ಪುಸ್ತಕ, ಪೆನ್ಸಿಲ್‌ಗೆ 3,000. ತಿಂಗಳಿಗೆ ಒಟ್ಟು 46,000. ಕಳೆದ ತಿಂಗಳು ಇದಕ್ಕಾಗಿ ಬಂದ ಕಾಣಿಕೆ 27,500. ಇಟ್ಟಿದ್ದ ಹಣ ಇನ್ನು ಮೂರು ತಿಂಗಳಿಗೆ ಸಾಕು, ಅಷ್ಟೇ.

ನನಗೆ ಭಯ ಆಯ್ತು. ಭಯದಲ್ಲಿ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬರೆದೆ. ಮೇಲೆ ಒಂದು ಫೋಟೋ ಹಾಕಿದೆ: ಆರು ವರ್ಷದ ಹುಡುಗಿ, ಕೈಯಲ್ಲಿ ಖಾಲಿ ತಟ್ಟೆ. ಕೆಳಗೆ ಬರೆದೆ, ಈ ಕಷ್ಟಕಾಲದಲ್ಲಿ 5,000 ಬಿತ್ತುವವರ ಕೆಲಸವನ್ನು ಕರ್ತನು ಕಾಯುತ್ತಾನೆ ಅಂತ. ಪ್ರಾರ್ಥನೆ ಮಾಡುವ ಕೈಗಳ ಚಿತ್ರ ಮೂರು ಹಾಕಿದೆ. ಕಳಿಸೋ ಬಟನ್ ಒತ್ತೋದೊಂದೇ ಬಾಕಿ.

ನನ್ನ ಹೆಂಡತಿ ನೀರು ಕುಡಿಯೋಕೆ ಎದ್ದು ಬಂದಳು. ಹಿಂದೆ ನಿಂತು ಓದಿದಳು. "ಈ ಮಗು ಮೊಟ್ಟೆ ತಿಂದು ತಟ್ಟೆ ತೊಳೆಯೋಕೆ ಹೋಗ್ತಿದ್ದಾಗ ತೆಗೆದ ಫೋಟೋ ಅಲ್ವೇನ್ರೀ ಇದು?" ಅಂದಳು. ಹೌದು. ತಟ್ಟೆ ಖಾಲಿಯಾಗಿದ್ದು ಮಗು ತಿಂದಿದ್ದಕ್ಕೆ. ನಾನು ಅದನ್ನ ಹಸಿವಿನ ಫೋಟೋ ಮಾಡಿದ್ದೆ. ಆಮೇಲೆ ಅವಳು ಒಬ್ಬ ತಮ್ಮನ ಹೆಸರು ಹೇಳಿ ಕೇಳಿದಳು: "ಈ ಮೆಸೇಜು ಅವನ ಫೋನಿಗೂ ಹೋಗುತ್ತೆ ಅಲ್ವಾ?"

ನಾನು ಮೆಸೇಜ್ ಅಳಿಸಿದೆ. ನಿದ್ದೆ ಬರಲಿಲ್ಲ.

ಆ ತಮ್ಮ ಐದು ಭಾನುವಾರದಿಂದ ಸಭೆಗೆ ಬಂದಿರಲಿಲ್ಲ. ಶುಕ್ರವಾರ ಸಂಜೆ ಅವನ ರೂಮಿಗೆ ಹೋದೆ. ಇದನ್ನೆಲ್ಲ ಅವನ ಅನುಮತಿ ಕೇಳಿಯೇ ಹೇಳ್ತಿದ್ದೀನಿ. ಹೆಸರು ಹೇಳಲ್ಲ, ನೀವೂ ಊಹೆ ಮಾಡೋಕೆ ಹೋಗಬೇಡಿ. ಅವನ ಕೆಲಸ ಹೋಗಿ ನಾಲ್ಕು ತಿಂಗಳಾಗಿದೆ. ಹತ್ತು ನಿಮಿಷದ ವಿಡಿಯೋ ಕಾಲ್, ಅರ್ಧ ಗಂಟೆಯಲ್ಲಿ ಲ್ಯಾಪ್‌ಟಾಪ್ ಲಾಕ್. ಊರಲ್ಲಿರೋ ಅಪ್ಪ ಅಮ್ಮನಿಗೆ ಇನ್ನೂ ಹೇಳಿಲ್ಲ. ಸಭೆಗೆ ಯಾಕೆ ಬರ್ತಿಲ್ಲಪ್ಪಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, "ಬ್ರದರ್, ಕಾಣಿಕೆ ಚೀಲ ಮುಂದೆ ಬಂದಾಗ ಕೈ ಎಲ್ಲಿಡಬೇಕು ಅಂತ ಗೊತ್ತಾಗಲ್ಲ."

ಇನ್ನೊಂದು ವಿಷಯ ಅವತ್ತು ಗೊತ್ತಾಯ್ತು. ಸಂಜೆ ತರಗತಿಗೆ ತಿಂಗಳಿಗೆ 2,000 ಅವನ ಖಾತೆಯಿಂದ ತಾನಾಗಿಯೇ ಕಟ್ ಆಗೋ ಹಾಗೆ ಇಟ್ಟಿದ್ದ. ಕೆಲಸ ಹೋದ ಮೇಲೂ ನಿಲ್ಲಿಸಿರಲಿಲ್ಲ. ಬಾಡಿಗೆಗೆ ಸಾಲ ಮಾಡಿದ್ದಾನೆ, ಇದನ್ನ ನಿಲ್ಲಿಸಿಲ್ಲ. "ಯಾಕಪ್ಪಾ?" ಅಂದೆ. "ನಿಲ್ಲಿಸಿದ್ರೆ ಕರ್ತನು ಕೈ ಬಿಡ್ತಾನೇನೋ ಅಂತ ಭಯ." "ಹಾಗಂತ ನಿನಗೆ ಯಾರು ಹೇಳಿಕೊಟ್ಟರು?" ಅವನು ತಲೆ ಎತ್ತಿ ನನ್ನನ್ನೇ ನೋಡಿದ. "ನೀವೇ ಹೇಳಿದ್ರಿ ಬ್ರದರ್. ಹೊಸ ವರ್ಷದ ರಾತ್ರಿ ಪ್ರಾರ್ಥನೆಯಲ್ಲಿ. ಬಿತ್ತೋದು ನಿಲ್ಲಿಸಿದವನ ಕೊಯ್ಲೂ ನಿಲ್ಲುತ್ತೆ ಅಂತ."

ಪ್ರಿಯರೇ, ನಾನು ಅದನ್ನ ಹೇಳಿದ್ದು ನಿಜ. ನೀವು ಆಮೆನ್ ಅಂದಿದ್ದೂ ನಿಜ. ಇವತ್ತು ಈ ಪ್ರಸಂಗಪೀಠದಿಂದಲೇ ಆ ಮಾತನ್ನ ವಾಪಸ್ ತಗೊಳ್ತೀನಿ. ಬಿತ್ತನೆಯ ಮಾತು ವಾಕ್ಯದಲ್ಲಿ ಇದೆ, ಇಲ್ಲ ಅಂತಿಲ್ಲ. ಆದರೆ ನಾನು ಅದನ್ನ ಕೆಲಸ ಕಳೆದುಕೊಂಡವನ ಕುತ್ತಿಗೆಗೆ ಹಗ್ಗದ ಹಾಗೆ ಹಾಕಿದೆ. ಹಾಗಾದರೆ ಪೌಲನು ಹೇಗೆ ಕೇಳಿದ? ಕಷ್ಟಕಾಲದಲ್ಲಿ ದೇವರ ಕೆಲಸಕ್ಕೆ ಹಣ ಕೇಳಬೇಕಾಗಿ ಬಂದಾಗ ಅಪೊಸ್ತಲನು ಏನು ಮಾಡಿದ? ಅದನ್ನ ಇವತ್ತು ಒಟ್ಟಿಗೆ ಕಲಿಯೋಣ.

ಹಿನ್ನೆಲೆ ನೋಡಿ. ಅಪೊಸ್ತಲರ ಕೃತ್ಯಗಳು 11:28-30. ಅಗಬನೆಂಬ ಪ್ರವಾದಿ ದೊಡ್ಡ ಬರ ಬರುತ್ತದೆಂದು ಆತ್ಮನ ಪ್ರೇರಣೆಯಿಂದ ಸೂಚಿಸಿದ. ಅದು ಕ್ಲೌದ್ಯ ಚಕ್ರವರ್ತಿಯ ಕಾಲದಲ್ಲಿ ಬಂತು. ಕ್ಲೌದ್ಯ ಆಳಿದ್ದು ಕ್ರಿ.ಶ. 41ರಿಂದ 54ರವರೆಗೆ. ಅಂತಿಯೋಕ್ಯದ ಶಿಷ್ಯರು ಯೂದಾಯದ ಸಹೋದರರಿಗೆ ಸಹಾಯ ಕಳಿಸಿದರು. ಎಷ್ಟು ಕಳಿಸಿದರು? ಪ್ರತಿಯೊಬ್ಬರೂ ಅವರವರ ಶಕ್ತಿಗೆ ತಕ್ಕಷ್ಟು. ಈ ಮಾತನ್ನ ನೆನಪಿಟ್ಟುಕೊಳ್ಳಿ. ವರ್ಷಗಳು ಕಳೆದವು, ಯೆರೂಸಲೇಮಿನ ಸಭೆಯ ಬಡತನ ಕಳೆಯಲಿಲ್ಲ. ಪೌಲನು ಅನ್ಯಜನರ ಸಭೆಗಳಲ್ಲಿ ಅವರಿಗಾಗಿ ಹಣ ಕೂಡಿಸೋಕೆ ಶುರು ಮಾಡಿದ. ಕೊರಿಂಥದವರು ಮೊದಲು ತುಂಬಾ ಉತ್ಸಾಹದಿಂದ ಒಪ್ಪಿಕೊಂಡರು. ಒಂದು ವರ್ಷ ಆಯ್ತು, ಕೆಲಸ ಅರ್ಧಕ್ಕೇ ನಿಂತಿತ್ತು. ಆಗ ಬರೆದದ್ದೇ ಈ ಎಂಟು, ಒಂಬತ್ತನೇ ಅಧ್ಯಾಯಗಳು. ಅಂದರೆ ನಮ್ಮ ಕಮಿಟಿಯ ತಲೆನೋವು ಹೊಸದಲ್ಲ. ಪೌಲನಿಗೂ ಇತ್ತು. ಹಲ್ಲೆಲೂಯಾ!

ಒಂದು ಮಾತು ಗಮನಿಸಿ. ಕಷ್ಟಕಾಲದ ಸ್ವಭಾವವೇ ಹೀಗೆ: ಹೊಡೆತ ಒಂದೇ, ಗಾಯ ಎರಡು ಕಡೆ. ಕೊಡುವವನ ಜೇಬು ಖಾಲಿಯಾಗುವ ಸಮಯದಲ್ಲೇ ಬೇಡುವವರ ಸಾಲು ಉದ್ದವಾಗುತ್ತೆ. ನೀವು ಫ್ಲಾಟ್ ಬುಕ್ ಮಾಡೋದು ಮುಂದೆ ಹಾಕ್ತೀರಿ. ಅಲ್ಲಿ ಕಟ್ಟಡದ ಕೆಲಸ ನಿಧಾನ ಆಗುತ್ತೆ. ಮೇಸ್ತ್ರಿ ವಾರಕ್ಕೆ ಆರು ದಿನ ಕರೀತಿದ್ದವನು ಮೂರು ದಿನ ಕರೀತಾನೆ. ಆ ಮನೆಯ ಮಗು ಸಂಜೆ ನಮ್ಮ ಬಾಗಿಲಲ್ಲಿ ನಿಲ್ಲುತ್ತೆ. ಕಂಪನಿಗಳ ಸಿಎಸ್‌ಆರ್ ಹಣ ಕೇಳೋಣ ಅಂತ ಕಮಿಟಿಯಲ್ಲಿ ಒಬ್ಬರು ಹೇಳಿದರು. ಅದರ ಕಾನೂನೂ ಹೀಗೇ ಇದೆ: ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2. ಲಾಭ ಇಳಿದರೆ ಕೊಡುವುದೂ ಇಳಿಯುತ್ತೆ. ಅಗತ್ಯ ಹೆಚ್ಚಾದಾಗಲೇ ನಲ್ಲಿಯಲ್ಲಿ ನೀರು ಕಡಿಮೆ.

ಇನ್ನೊಂದು ಕಷ್ಟ. 2020ರ ಲಾಕ್‌ಡೌನಿನಲ್ಲಿ ಸಂಕಟ ಎಲ್ಲರ ಕಣ್ಣಿಗೆ ಬಿತ್ತು. ಕೂಲಿಯವರು ಗಂಟು ಹೊತ್ತು ಹೆದ್ದಾರಿಯಲ್ಲಿ ನಡೆದದ್ದನ್ನು ದೇಶವೇ ನೋಡಿತು. ಆಗ ಕೇಳದೆಯೇ ಜನ ಅಕ್ಕಿ ತಂದುಕೊಟ್ಟರು. ಈಗಿನ ಸಂಕಟ ಒಬ್ಬೊಬ್ಬರ ಸ್ಕ್ರೀನ್ ಮೇಲೆ ಒಂಟಿಯಾಗಿ ಬರುತ್ತೆ. ಪಕ್ಕದ ಕುರ್ಚಿಯಲ್ಲಿ ಕೂತವರಿಗೂ ಗೊತ್ತಾಗಲ್ಲ. ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಂದಿರ್ತಾರೆ, ಒಳಗೆ ಇಎಂಐ ಲೆಕ್ಕ ಓಡ್ತಿರುತ್ತೆ. ಅದಕ್ಕೇ ಈ ಕಾಲದಲ್ಲಿ ಕೇಳುವವನು ಇನ್ನೂ ಹೆಚ್ಚು ಎಚ್ಚರದಿಂದ ಕೇಳಬೇಕು.

ಈಗ ಪೌಲನು ಕೇಳಿದ ರೀತಿಯಲ್ಲಿ ನಾಲ್ಕು ವಿಷಯ ನೋಡೋಣ.

ಮೊದಲನೆಯದು: ಪೌಲನು ಸತ್ಯ ಹೇಳಿ ಕೇಳಿದ.

8:1-5. ಮಕೆದೋನ್ಯದ ಸಭೆಗಳು ಅಂದರೆ ಫಿಲಿಪ್ಪಿ, ಥೆಸಲೋನಿಕ, ಬೆರೋಯ. ಅವರು ಹಿಂಸೆ ಅನುಭವಿಸುತ್ತಿದ್ದರು, ಕಡುಬಡವರಾಗಿದ್ದರು. ಪೌಲನು ಅದನ್ನ ಮುಚ್ಚಿಡಲಿಲ್ಲ, ಬಣ್ಣವನ್ನೂ ಹಚ್ಚಲಿಲ್ಲ. ಅವರು ಕೊಟ್ಟದ್ದಕ್ಕೆ ಪ್ರತಿಯಾಗಿ ಶ್ರೀಮಂತರಾದರು ಅಂತ ಎಲ್ಲಾದರೂ ಬರೆದಿದೆಯಾ? ಹುಡುಕಿ ನೋಡಿ. ಇಲ್ಲ. ಬಡವರಾಗಿಯೇ ಕೊಟ್ಟರು, ಸಂತೋಷದಿಂದ ಕೊಟ್ಟರು. ನಮಗೂ ಈ ಸೇವೆಯಲ್ಲಿ ಪಾಲು ಕೊಡಿ ಅಂತ ಅವರೇ ಪೌಲನನ್ನು ಬೇಡಿಕೊಂಡರು. ಐದನೇ ವಚನದಲ್ಲಿ ಇದರ ಗುಟ್ಟು ಇದೆ: ಹಣಕ್ಕಿಂತ ಮೊದಲು ತಮ್ಮನ್ನೇ ಕರ್ತನಿಗೆ ಒಪ್ಪಿಸಿದ್ದರು. ಪೌಲನು ಖಾಲಿ ತಟ್ಟೆಯ ಫೋಟೋ ತೋರಿಸಲಿಲ್ಲ, ಪ್ರಿಯರೇ. ಇದ್ದದ್ದನ್ನ ಇದ್ದ ಹಾಗೆ ಹೇಳಿದ.

ಎರಡನೆಯದು: ಪೌಲನು ಬಲವಂತ ಮಾಡಲಿಲ್ಲ.

8:8 ನೋಡಿ. ಇದು ಆಜ್ಞೆ ಅಲ್ಲ ಅಂತ ಸ್ಪಷ್ಟವಾಗಿ ಹೇಳ್ತಾನೆ. ಅಪೊಸ್ತಲನಾಗಿ ಆಜ್ಞೆ ಮಾಡೋ ಅಧಿಕಾರ ಅವನಿಗೆ ಇರಲಿಲ್ವಾ? ಇತ್ತು. ಬಳಸಲಿಲ್ಲ. ಒಂಬತ್ತನೇ ಅಧ್ಯಾಯದ ಏಳನೇ ವಚನ ನಿಮಗೆಲ್ಲ ಬಾಯಿಪಾಠ. ಮನಸ್ಸಿನಲ್ಲಿ ತೀರ್ಮಾನಿಸಿದಷ್ಟು ಕೊಡಬೇಕು, ದುಃಖದಿಂದಲೂ ಬೇಡ, ಒತ್ತಾಯಕ್ಕೂ ಬೇಡ. ಸಂತೋಷವಾಗಿ ಕೊಡುವವನನ್ನು ದೇವರು ಪ್ರೀತಿಸುತ್ತಾನೆ. ಬಿತ್ತನೆಯ ವಚನ ಎಲ್ಲಿದೆ? ಅದರ ಹಿಂದಿನದೇ, 9:6. ನಾನು ಹೊಸ ವರ್ಷದ ರಾತ್ರಿ ಆರನ್ನ ಓದಿ ಏಳನ್ನ ಬಿಟ್ಟೆ. ಹತ್ತು, ಹನ್ನೊಂದನ್ನೂ ಬಿಟ್ಟೆ. ಅಲ್ಲಿ ಕೊಯ್ಲು ಯಾತಕ್ಕೆ ಅಂತ ಇದೆ: ಇನ್ನೂ ಹೆಚ್ಚು ಉದಾರವಾಗಿ ಕೊಡೋದಕ್ಕೆ. ಕೆಲಸ ಉಳಿಸಿಕೊಳ್ಳೋಕೆ ದೇವರಿಗೆ ಕಟ್ಟೋ ಪ್ರೀಮಿಯಂ ಅಲ್ಲ ಕಾಣಿಕೆ. ಇನ್ಶೂರೆನ್ಸ್ ಕಂಪನಿ ಕಂತು ತಪ್ಪಿದರೆ ಪಾಲಿಸಿ ನಿಲ್ಲಿಸುತ್ತೆ. ನಮ್ಮ ತಂದೆ ಹಾಗೆ ನಿಲ್ಲಿಸಲ್ಲ. ಆಮೆನ್ ಹೇಳ್ತೀರಾ?

ನಾವು ಪ್ರಸಂಗಿಗಳು ಕಾಣಿಕೆಗೆ ಮುಂಚೆ ಇಬ್ಬರು ವಿಧವೆಯರನ್ನ ಕರ್ಕೊಂಡು ಬರ್ತೀವಿ. ಒಬ್ಬಳು ಚಾರೆಪ್ತದವಳು, 1 ಅರಸುಗಳು 17. ಎಲೀಯನಿಗೆ ಮೊದಲು ರೊಟ್ಟಿ ಕೊಟ್ಟಳು. ಆದರೆ ಕಥೆ ಪೂರ್ತಿ ಓದಿ. ದೇವರು ಎಲೀಯನನ್ನು ಅಲ್ಲಿಗೆ ಕಳಿಸಿದ, ಆ ಹಿಟ್ಟಿನಿಂದ ಅವನ ಜೊತೆ ಆ ತಾಯಿ, ಮಗನೂ ಬರಗಾಲ ದಾಟಿದರು. ಪ್ರವಾದಿ ರೊಟ್ಟಿ ತಗೊಂಡು ಎದ್ದು ಹೋಗಲಿಲ್ಲ. ಇನ್ನೊಬ್ಬಳು ಎರಡು ಕಾಸು ಹಾಕಿದವಳು, ಮಾರ್ಕ 12:41-44. ಅದರ ಹಿಂದಿನ ವಚನ, ನಲವತ್ತನ್ನ ಮನೆಗೆ ಹೋಗಿ ಓದಿ. ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಮೇಲೆ ಯೇಸುಸ್ವಾಮಿ ಕಠಿಣ ತೀರ್ಪು ಹೇಳ್ತಾನೆ, ಆಮೇಲೆ ಆ ವಿಧವೆ ಬರ್ತಾಳೆ. ಯೇಸು ಅವಳನ್ನು ಮೆಚ್ಚಿದ, ಹೌದು. ಅವಳಿಂದ ವಸೂಲಿ ಮಾಡೋರನ್ನ ಮೆಚ್ಚಲಿಲ್ಲ. ಈ ಮಾತು ಮೊದಲು ನನಗೆ.

ಮೂರನೆಯದು: ಇದ್ದದ್ದಕ್ಕೆ ತಕ್ಕಷ್ಟು, ಇಲ್ಲದ್ದಕ್ಕೆ ಅಲ್ಲ.

8:12ನ್ನ ಗುರುತು ಹಾಕಿಕೊಳ್ಳಿ. ಮನಸ್ಸು ಸಿದ್ಧವಾಗಿದ್ದರೆ ಸಾಕು, ನಿನ್ನ ಬಳಿ ಏನಿದೆಯೋ ಅದರ ಪ್ರಕಾರ ದೇವರು ಅದನ್ನ ಸ್ವೀಕರಿಸ್ತಾನೆ. ನಿನ್ನ ಬಳಿ ಇಲ್ಲದ್ದರ ಪ್ರಕಾರ ಅಲ್ಲ. ಸಾಲದ ಹಣ ನಿನ್ನ ಬಳಿ ಇರೋ ಹಣ ಅಲ್ಲ ತಮ್ಮಾ. ಕ್ರೆಡಿಟ್ ಕಾರ್ಡಿನ ಲಿಮಿಟ್ ನಿನ್ನ ಆಸ್ತಿ ಅಲ್ಲ ತಂಗೀ.

13ರಿಂದ 15 ನೋಡಿ. ಇತರರಿಗೆ ಆರಾಮ, ನಿಮಗೆ ಸಂಕಟ ಅಂತಲ್ಲ, ಸಮಾನತೆ ಇರಲಿ ಅಂತ ಪೌಲನು ಹೇಳ್ತಾನೆ. ಈಗ ನಿಮ್ಮ ಸಮೃದ್ಧಿ ಅವರ ಕೊರತೆಗೆ. ಮುಂದೊಂದು ದಿನ ಅವರ ಸಮೃದ್ಧಿ ನಿಮ್ಮ ಕೊರತೆಗೆ. ವಿಮೋಚನಕಾಂಡ 16ರ ಮನ್ನದ ಕಥೆಯನ್ನ ನೆನಪಿಸ್ತಾನೆ: ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಅಂದರೆ ಸಭೆಯಲ್ಲಿ ಯಾವಾಗಲೂ ಕೊಡುವವರು, ಯಾವಾಗಲೂ ತಗೊಳ್ಳುವವರು ಅಂತ ಎರಡು ಜಾತಿ ಇಲ್ಲ. ಹೋದ ವರ್ಷ ಕೊಟ್ಟವನು ಈ ವರ್ಷ ತಗೊಳ್ಳಬಹುದು. ಅದರಲ್ಲಿ ನಾಚಿಕೆ ಏನಿದೆ? ತಗೊಳ್ಳೋಕೂ ಕೃಪೆ ಬೇಕು. ನಮಗೆ ಓದಿದವರಿಗೆ, ಸಂಬಳ ಎಣಿಸಿದವರಿಗೆ, ಕೊಡೋದಕ್ಕಿಂತ ಅದೇ ಕಷ್ಟ.

ಇದಕ್ಕೆಲ್ಲ ಬೇರು ಯಾವುದು ಗೊತ್ತಾ? ಒಂಬತ್ತನೇ ವಚನ. ನಮ್ಮ ಕರ್ತನು ಐಶ್ವರ್ಯವಂತನಾಗಿದ್ದು ನಮಗೋಸ್ಕರ ಬಡವನಾದ. ಹಣ ಕೇಳೋ ಎರಡು ಅಧ್ಯಾಯದ ಮಧ್ಯೆ ಪೌಲನು ಶಿಲುಬೆಯನ್ನ ನಿಲ್ಲಿಸ್ತಾನೆ. ಕೊಟ್ಟರೆ ಆ ಪ್ರೀತಿಗೆ ಉತ್ತರವಾಗಿ ಕೊಡ್ತೀವಿ. ಕೊಡೋಕೆ ಆಗದಿದ್ದಾಗಲೂ ಅದೇ ಪ್ರೀತಿ ನಮ್ಮನ್ನ ಹಿಡಿದಿರುತ್ತೆ.

ನಾಲ್ಕನೆಯದು: ಲೆಕ್ಕ ಬೆಳಕಿನಲ್ಲಿ ಇರಲಿ.

ಇಲ್ಲಿ ಪೌಲನು ಬಹಳ ಹುಷಾರು. 8:16-22 ಓದಿ. ಹಣ ತರೋಕೆ ತೀತನ ಜೊತೆ ಇನ್ನೂ ಇಬ್ಬರು ಸಹೋದರರನ್ನ ಕಳಿಸ್ತಾನೆ. ಅವರಲ್ಲಿ ಒಬ್ಬನನ್ನ ಸಭೆಗಳೇ ಆರಿಸಿದ್ದವು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹುಡುಕಬಾರದು, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತಾನೆ. 1 ಕೊರಿಂಥ 16:1-4ರಲ್ಲಿ ವ್ಯವಸ್ಥೆ ಇನ್ನೂ ಸ್ಪಷ್ಟ: ವಾರದ ಮೊದಲನೇ ದಿನ ಒಬ್ಬೊಬ್ಬರೂ ಆದಾಯಕ್ಕೆ ತಕ್ಕಂತೆ ಸ್ವಲ್ಪ ತೆಗೆದಿಡಿ, ನಾನು ಬಂದಾಗ ಕೂಡಿಸೋ ಗಡಿಬಿಡಿ ಬೇಡ, ನೀವು ಒಪ್ಪಿದವರ ಕೈಯಲ್ಲೇ ಯೆರೂಸಲೇಮಿಗೆ ಕಳಿಸೋಣ. ಅವನು ಬಂದು ಭಾವುಕ ಪ್ರಸಂಗ ಮಾಡಿ, ಮ್ಯೂಸಿಕ್ ಹಾಕಿಸಿ, ಆ ಕ್ಷಣದ ಬಿಸಿಯಲ್ಲಿ ಕೂಡಿಸೋದು ಬೇಡವಾಗಿತ್ತು. ಅಪೊಸ್ತಲರ ಕೃತ್ಯಗಳು 20:4ರಲ್ಲಿ ಪೌಲನ ಜೊತೆ ಪ್ರಯಾಣ ಮಾಡಿದ ಏಳು ಜನರ ಹೆಸರಿದೆ. ಬೆರೋಯದವನೊಬ್ಬ, ಥೆಸಲೋನಿಕದವರಿಬ್ಬರು, ದೆರ್ಬೆಯವನೊಬ್ಬ, ತಿಮೊಥೆಯ, ಆಸ್ಯದವರಿಬ್ಬರು. ಇವರು ಕಾಣಿಕೆಯ ಜೊತೆ ಹೋದ ಸಭೆಗಳ ಪ್ರತಿನಿಧಿಗಳು ಅಂತ ಅನೇಕ ಬೈಬಲ್ ಪಂಡಿತರು ಹೇಳ್ತಾರೆ. ಒಬ್ಬ ಪಾಸ್ಟರ್, ಒಂದು ಖಾತೆ, ಒಂದು ಕ್ಯುಆರ್ ಕೋಡ್ ಅಂತ ಪೌಲನು ಮಾಡಲಿಲ್ಲ.

ಕೊನೆಗೆ ಏನಾಯ್ತು? ಒಂದು ವರ್ಷ ನಿಂತುಹೋಗಿದ್ದ ಕೊರಿಂಥದವರು ಕೊಟ್ಟರಾ? ರೋಮ 15:26 ನೋಡಿ. ಮಕೆದೋನ್ಯದವರೂ ಅಕಾಯದವರೂ ಯೆರೂಸಲೇಮಿನ ಬಡವರಿಗಾಗಿ ಸಂತೋಷದಿಂದ ಕೊಟ್ಟರು ಅಂತ ಇದೆ. ಕೊರಿಂಥ ಇರೋದು ಅಕಾಯದಲ್ಲೇ. ಬಲವಂತ ಇಲ್ಲದೆ ಕೇಳಿದ್ದಕ್ಕೇ ಅವರು ಕೊಟ್ಟರು. ಕರ್ತನಿಗೆ ಸ್ತೋತ್ರ!

ಈಗ ಸ್ವಲ್ಪ ನಮ್ಮ ನೆಲಕ್ಕೆ ಬರೋಣ. ಪಂಡಿತಾ ರಮಾಬಾಯಿಯವರ ಹೆಸರು ಕೇಳಿದ್ದೀರಿ. ನಾವು ಪೆಂತೆಕೊಸ್ತಿನವರು ಅವರನ್ನ ನೆನೆಯೋದು 1905ರ ಮುಕ್ತಿ ಮಿಷನ್ನಿನ ಉಜ್ಜೀವನಕ್ಕೆ. ಅಜೂಸಾ ಸ್ಟ್ರೀಟಿನ ಉಜ್ಜೀವನ 1906ರದ್ದು, ಪುಣೆ ಹತ್ತಿರದ ಕೆಡಗಾಂವ್‌ನಲ್ಲಿ ಅದಕ್ಕಿಂತ ಒಂದು ವರ್ಷ ಮೊದಲೇ ಪವಿತ್ರಾತ್ಮನು ಹೆಣ್ಣುಮಕ್ಕಳ ಮೇಲೆ ಇಳಿದ. ಆದರೆ ಆ ಹೆಣ್ಣುಮಕ್ಕಳು ಅಲ್ಲಿಗೆ ಹೇಗೆ ಬಂದರು ಅಂತ ನಾವು ಕೇಳಲ್ಲ. ಬರಗಾಲದಿಂದ ಬಂದರು.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹದಿಹರೆಯದಲ್ಲಿ ಬರಗಾಲಕ್ಕೆ ಸಿಕ್ಕಿ ತಂದೆ, ತಾಯಿ, ಅಕ್ಕ ಮೂವರನ್ನೂ ಕಳೆದುಕೊಂಡರು. ಅಂದರೆ ಹಸಿವು ಅವರಿಗೆ ಫೋಟೋದಲ್ಲಿ ನೋಡಿದ್ದಲ್ಲ. ಮುಂದೆ ವಿಧವೆಯರಿಗಾಗಿ ಶಾಲೆ ತೆರೆಯಬೇಕು ಅಂತ ಅಮೆರಿಕಕ್ಕೆ ಹೋದರು, ಊರೂರು ತಿರುಗಿ ಮಾತಾಡಿದರು, ಪುಸ್ತಕ ಬರೆದರು. 1887ರಲ್ಲಿ ಬಾಸ್ಟನ್‌ನಲ್ಲಿ ಒಂದು ಸಂಘ ಆಯ್ತು, ಹತ್ತು ವರ್ಷ ಸಹಾಯ ಮಾಡ್ತೀವಿ ಅಂತ ಮಾತು ಕೊಟ್ಟರು. 1889ರಲ್ಲಿ ಬೊಂಬಾಯಿಯಲ್ಲಿ ಶಾರದಾ ಸದನ ಶುರುವಾಯ್ತು.

ಆ ಹತ್ತು ವರ್ಷದ ಮಾತು ಮುಗಿಯೋ ಹೊತ್ತಿಗೆ ಏನಾಯ್ತು ಗೊತ್ತಾ? 1896-97ರ ಬರ. ಸಾಮಾನ್ಯವಾಗಿ ಯಾವ ಕಮಿಟಿ ಆದರೂ ಏನು ತೀರ್ಮಾನ ಮಾಡುತ್ತೆ? ಹೊಸ ಅಡ್ಮಿಷನ್ ನಿಲ್ಲಿಸಿ ಅಂತ. ರಮಾಬಾಯಿ ಮಧ್ಯಪ್ರಾಂತದ ಬರಪೀಡಿತ ಊರುಗಳಿಗೆ ತಾವೇ ಹೋಗಿ ನೂರಾರು ಹೆಣ್ಣುಮಕ್ಕಳನ್ನ ಕರ್ಕೊಂಡು ಬಂದರು. ಮತ್ತೆ 1900ರಲ್ಲಿ ಗುಜರಾತಿನ ಬರ, ಇನ್ನೂ ನೂರಾರು ಮಕ್ಕಳು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್‌ರ ಜೀವನದ ಪುಸ್ತಕವನ್ನ ಅವರು ಓದಿದ್ದರು. ಮುಲ್ಲರ್ 1836ರಲ್ಲಿ ಮೊದಲ ಮನೆ ತೆರೆದವರು, ಮನುಷ್ಯರ ಹತ್ತಿರ ಹಣ ಕೇಳದೆ ಪ್ರಾರ್ಥನೆಯಲ್ಲೇ ನಿಂತವರು. 1841ರ ಕೊನೆಯಲ್ಲಿ ಕೈಯಲ್ಲಿ ಹಣ ಇಲ್ಲದಾಗ ವಾರ್ಷಿಕ ವರದಿಯನ್ನೇ ಮುಂದೆ ಹಾಕಿದರು, ವರದಿ ಓದಿದ ಜನ ಇದು ಬೇಡಿಕೆ ಅಂದುಕೊಂಡಾರು ಅಂತ. ರಮಾಬಾಯಿ ಇದನ್ನೆಲ್ಲ ಓದಿ ಪ್ರಾರ್ಥನೆ ಕಲಿತರು. ಹಾಗಂತ ಕೈಕಟ್ಟಿ ಕೂರಲಿಲ್ಲ. 1898ರಲ್ಲಿ ಅಮೆರಿಕಕ್ಕೆ ಹೋಗಿ ಹತ್ತು ವರ್ಷದಲ್ಲಿ ನಡೆದದ್ದನ್ನ ಸಂಘದ ಮುಂದೆ ಇಟ್ಟರು. ಸಂಘ ಹೊಸ ರೂಪದಲ್ಲಿ ಮುಂದುವರಿಯಿತು. ಕೆಡಗಾಂವ್‌ನಲ್ಲಿ ಹೊಲ, ಮಗ್ಗ, ಎಣ್ಣೆಗಾಣ, ಅಚ್ಚುಕೂಟ ಬಂದವು. ಬರದಲ್ಲಿ ಎಲ್ಲಾ ಕಳೆದುಕೊಂಡು ಬಂದ ಹುಡುಗಿಯರೇ ನೇಯ್ದರು, ಅಚ್ಚು ಹಾಕಿದರು, ಮತ್ತೊಬ್ಬರಿಗೆ ಕಲಿಸಿದರು. ತಗೊಂಡ ಕೈಗಳೇ ಕೊಡೋ ಕೈಗಳಾದವು. ಅದೇ ಅಂಗಳಕ್ಕೆ 1905ರಲ್ಲಿ ಆತ್ಮನು ಬಂದ.

ಕೆಲವರು ಕೇಳ್ತೀರಿ: ಮುಲ್ಲರ್ ಹಾಗೆ ಕೇಳದೆ ಇರೋದು ಸರೀನಾ, ಪೌಲನ ಹಾಗೆ ಪತ್ರ ಬರೆದು ಕೇಳೋದು ಸರೀನಾ? ವಾಕ್ಯದಲ್ಲಿ ಪೌಲನು ಕೇಳಿದ್ದು ಇದೆ, ಆದ್ದರಿಂದ ಕೇಳೋದು ಅವಿಶ್ವಾಸ ಅಲ್ಲ. ಮುಲ್ಲರ್‌ರಿಗೆ ಬಂದ ಕರೆ ಬೇರೆ. ಆದರೆ ಇಬ್ಬರಲ್ಲೂ ಒಂದು ಸಮಾನ. ಯಾರನ್ನೂ ಹೆದರಿಸಲಿಲ್ಲ, ನಾಚಿಕೆಪಡಿಸಲಿಲ್ಲ, ಬಂದ ಹಣದ ಲೆಕ್ಕವನ್ನ ಜನರ ಮುಂದೆ ಇಟ್ಟರು.

ಈಗ ಮನೆಮಾತು. ನಿನ್ನೆ ಸಂಜೆ ಕಮಿಟಿ ಸೇರಿ ಪ್ರಾರ್ಥನೆ ಮಾಡಿ ಕೆಲವು ತೀರ್ಮಾನ ಮಾಡಿದ್ದೀವಿ.

ಸಂಜೆ ತರಗತಿಯನ್ನ ಬಾಡಿಗೆ ರೂಮಿನಿಂದ ಈ ಹಾಲ್‌ಗೇ ತರ್ತೀವಿ. ಹಾಗೆ 12,000 ಉಳಿಯುತ್ತೆ. ಶುಕ್ರವಾರದ ಉಪವಾಸ ಪ್ರಾರ್ಥನೆ ಏಳೂವರೆಗೆ ಶುರುವಾಗುತ್ತೆ. ಗೋಡೆ ಮೇಲೆ ಅ ಆ ಇ ಈ ಬರೆದಿರುತ್ತೆ, ಚಾಪೆ ಮೇಲೆ ಕಡಲೆಮಿಠಾಯಿ ಪುಡಿ ಇರುತ್ತೆ. ಬೇಜಾರು ಮಾಡ್ಕೋಬೇಡಿ. ಟೀಚರ್‌ಗಳ ಸಂಬಳಕ್ಕೆ ಕೈ ಹಾಕಲ್ಲ. ಕೂಲಿ ಹಿಡಿದವರ ವಿಷಯದಲ್ಲಿ ಯಾಕೋಬ 5:4 ಏನು ಹೇಳುತ್ತೆ ಅಂತ ಗೊತ್ತಲ್ಲ. ಮಕ್ಕಳ ಮೊಟ್ಟೆಗೂ ಕೈ ಹಾಕಲ್ಲ.

ಮಕ್ಕಳ ಫೋಟೋ ಇನ್ನು ಹಣ ಕೇಳೋಕೆ ಬಳಸಲ್ಲ. ಅವರ ಅಮ್ಮಂದಿರನ್ನ ಯಾರು ಕೇಳಿದ್ದರು? ನಿಮ್ಮ ಮಗುವಿನ ಫೋಟೋ ಹೀಗೆ ಹೋದರೆ ನಿಮಗೆ ಹೇಗಿರುತ್ತೆ?

ಪ್ರತಿ ತಿಂಗಳ ಮೊದಲನೇ ಭಾನುವಾರ ಬಂದದ್ದು, ಖರ್ಚಾದದ್ದು ಎರಡೂ ಬಾಗಿಲ ಹತ್ತಿರದ ಬೋರ್ಡಿನಲ್ಲಿ ಇರುತ್ತೆ. ಮೂವರು ಸಹಿ ಹಾಕ್ತಾರೆ, ಆ ಮೂವರಲ್ಲಿ ನಾನಿರಲ್ಲ. ಯಾರು ಎಷ್ಟು ಕೊಟ್ಟರು ಅನ್ನೋ ಹೆಸರಿನ ಪಟ್ಟಿ ಮಾತ್ರ ಎಲ್ಲೂ ಹಾಕಲ್ಲ.

ಕೆಲಸ ಕಳೆದುಕೊಂಡವರು, ಅರ್ಧ ಸಂಬಳದವರು ನಿಮ್ಮ ತಿಂಗಳ ಕಾಣಿಕೆ ನಿಲ್ಲಿಸಿ. ಕಾರಣ ಹೇಳಬೇಕಿಲ್ಲ. ಯಾರೂ ಫೋನ್ ಮಾಡಿ ಕೇಳಲ್ಲ. ಬಾಡಿಗೆಗೆ, ದಿನಸಿಗೆ ಕಷ್ಟ ಇದ್ದರೆ ಇಬ್ಬರು ಹಿರಿಯರಿಗೆ ಹೇಳಿ. ದಶಮಾಂಶದಲ್ಲಿ ಒಂದು ಪಾಲು ಅದಕ್ಕಂತಲೇ ತೆಗೆದಿಟ್ಟಿದ್ದೀವಿ. ಚೀಲ ಮುಂದೆ ಬಂದಾಗ ಸುಮ್ಮನೆ ಪಕ್ಕದವರಿಗೆ ದಾಟಿಸಿ. ಆ ದಾಟಿಸೋ ಕೈಯನ್ನೂ ಕರ್ತನು ನೋಡ್ತಾನೆ, ಪ್ರೀತಿಯಿಂದಲೇ ನೋಡ್ತಾನೆ.

ಈಗ ಸಂಬಳ ಬರ್ತಿರೋರಿಗೆ. ನಿಮ್ಮನ್ನ ಬಿಡಲ್ಲ! ರೂಮು ಬಿಟ್ಟ ಮೇಲೂ ತಿಂಗಳಿಗೆ 6,500 ಕಡಿಮೆ ಬೀಳುತ್ತೆ. ಹದಿಮೂರು ಜನ ತಲಾ 500 ಅಂದರೆ ತುಂಬುತ್ತೆ. ಆದರೆ ನಾನು ಶುಕ್ರವಾರ ಆ ತಮ್ಮನ ರೂಮಿನಲ್ಲೇ ಅವನ 2,000 ನಿಲ್ಲಿಸಿಸಿ ಬಂದಿದ್ದೀನಿ. ಅದು ಸೇರಿ 8,500. ಈಗ ಹದಿನೇಳು ಜನ ಬೇಕು. ಇವತ್ತೇ, ಈಗಲೇ ಅಂತ ಕೇಳಲ್ಲ. ಮ್ಯೂಸಿಕ್ ನುಡಿಸೋ ತಮ್ಮಾ, ಕೀಬೋರ್ಡ್ ಬೇಡ. ಮನೆಗೆ ಹೋಗಿ, ಲೆಕ್ಕ ನೋಡಿ, ಪ್ರಾರ್ಥನೆ ಮಾಡಿ, ಗಂಡ ಹೆಂಡತಿ ಮಾತಾಡಿ, ಮುಂದಿನ ಭಾನುವಾರ ಹೇಳಿ. ಕೊಟ್ಟರೆ ನಿಮ್ಮ ಕೆಲಸ ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ. ಆ ಮಕ್ಕಳ ಪಾಠ ಉಳಿಯುತ್ತೆ. ಅಷ್ಟು ಹೇಳಬಲ್ಲೆ. ಹಣ ಬರಲಿಲ್ಲ ಅಂದರೆ ವಾರಕ್ಕೆ ಐದು ದಿನದ ತರಗತಿ ಮೂರು ದಿನ ಆಗುತ್ತೆ. ಅದನ್ನೂ ಮುಚ್ಚಿಡದೆ ನಿಮಗೂ ಆ ಮಕ್ಕಳ ತಂದೆತಾಯಿಗೂ ಹೇಳ್ತೀವಿ.

ಕೊನೆಯ ಮಾತು. ಶುಕ್ರವಾರ ನಾನು ಹೊರಡುವಾಗ ಆ ತಮ್ಮ ಬಾಗಿಲವರೆಗೆ ಬಂದ. "ಬ್ರದರ್, ಹಣ ಇಲ್ಲ. ಲೆಕ್ಕದ ಪಾಠ ಹೇಳಿಕೊಡ್ಲಾ? ಸಂಜೆ ಹೇಗೂ ರೂಮಲ್ಲಿ ಕೂತಿರ್ತೀನಿ" ಅಂದ. ನಾನು ತಕ್ಷಣ ಹೂಂ ಅನ್ನಲಿಲ್ಲ. ಇದನ್ನ ಆ 2,000ದ ಬದಲು ಅಂತ ಮಾಡೋದಾದರೆ ಬೇಡ, ಖುಷಿಯಿಂದ ಆದರೆ ಬಾ ಅಂದೆ. ಅವನು ಸ್ವಲ್ಪ ನಕ್ಕ. ನಾಲ್ಕು ತಿಂಗಳಲ್ಲಿ ಮೊದಲನೇ ಸಲ ಯಾರೋ ನನ್ನ ಕೆಲಸಕ್ಕೆ ಕರೆದರು ಅಂದ. ಮಂಗಳವಾರ ಬರ್ತಾನೆ. ಅವನಿಗಾಗಿ ಪ್ರಾರ್ಥನೆ ಮಾಡಿ. ಅವನಿಗೆ ಕೆಲಸ ಸಿಗಲಿ ಅಂತಲೂ ಮಾಡಿ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚೋಣ. ಹಣದ ಭಯದಲ್ಲಿ ಇರೋರು ಇದ್ದಲ್ಲೇ ಎದೆ ಮೇಲೆ ಕೈ ಇಟ್ಟುಕೊಳ್ಳಿ. ಯಾರೂ ಮುಂದೆ ಬರೋದು ಬೇಡ.

ಪರಲೋಕದ ತಂದೆಯೇ, ನಿನ್ನ ಮಕ್ಕಳನ್ನು ನಾನು ಹೆದರಿಸಿದ್ದಕ್ಕೆ ನನ್ನನ್ನು ಕ್ಷಮಿಸು. ಕೆಲಸ ಹುಡುಕುತ್ತಿರುವವರ ಮುಂದೆ ನೀನೇ ಹೋಗು. ಅವರ ಮನೆಯಲ್ಲಿ ದಿನದ ರೊಟ್ಟಿ ಇರಲಿ. ಇರುವವರ ಕೈಯನ್ನು ಸಡಿಲಿಸು. ಇಲ್ಲದವರ ತಲೆಯನ್ನು ಎತ್ತು. ಹಿಂದಿನ ರಸ್ತೆಯ ಆ 38 ಮಕ್ಕಳನ್ನು ನಿನ್ನ ರೆಕ್ಕೆಯ ಕೆಳಗೆ ಕಾಯು. ನಮಗೋಸ್ಕರ ಬಡವನಾದ ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.

ಕುಳಿತುಕೊಳ್ಳಿ. ಇವತ್ತು ಸಂದೇಶದ ನಂತರ ಚೀಲ ತರಲ್ಲ. ಕಾಣಿಕೆ ಪೆಟ್ಟಿಗೆ ಬಾಗಿಲ ಹತ್ತಿರ ಇದೆ, ಪಕ್ಕದಲ್ಲೇ ಟೀ ಇದೆ. ಟೀ ಕುಡಿಯದೆ ಯಾರೂ ಹೋಗಬೇಡಿ. ಕರ್ತನು ನಿಮ್ಮನ್ನು ಆಶೀರ್ವದಿಸಲಿ.